ಹಿತ್ತಲ ಜೇಡಗಳಿಗೆ ಕ್ಯಾಮೆರಾ ಹಿಡಿದಾಗ

ಜೇಡದ ಒಳ್ಳೆಯ ಫೋಟೊ ಬೇಕೆಂದರೆ ದುಬಾರಿ ಲೆನ್ಸ್‌ಗಿಂತ ಮೊದಲು ಅದು ಹೇಗೆ ಬದುಕುತ್ತದೆ ಎಂದು ಗೊತ್ತಿರಬೇಕು. ಕ್ಯಾಮೆರಾ ಎಲ್ಲಿಡಬೇಕೆಂಬುದನ್ನು ಅದರ ನಡವಳಿಕೆಯೇ ಹೇಳಿಬಿಡುತ್ತದೆ.

ಹೊಸಬರಿಗೆ ಸಿಗ್ನೇಚರ್ ಜೇಡವೇ ಅನುಕೂಲ. ಹಗಲಿಡೀ ಬಲೆಯ ನಡುವೆ ತಲೆ ಕೆಳಗಾಗಿ, ಕಾಲುಗಳನ್ನು ಎರಡೆರಡು ಜೋಡಿಸಿ ಗುಣಾಕಾರದ ಚಿಹ್ನೆಯಂತೆ ಚಾಚಿ ಕೂತಿರುತ್ತದೆ. ಸುತ್ತ ಬಿಳಿ ದಾರದ ಅಂಕುಡೊಂಕು ಹೊಲಿಗೆ. ಈ ಹೊಲಿಗೆ ಕೀಟಗಳನ್ನು ಸೆಳೆಯಲಿಕ್ಕೋ, ಹಕ್ಕಿಗಳು ಬಲೆಗೆ ನುಗ್ಗದಂತೆ ಎಚ್ಚರಿಸಲಿಕ್ಕೋ ಎಂಬ ವಾದ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಕ್ಯಾಮೆರಾವನ್ನು ಬಲೆಗೆ ಸಮಾನಾಂತರವಾಗಿ ಹಿಡಿದರೆ ಜೇಡ, ಹೊಲಿಗೆ ಎರಡೂ ಸ್ಪಷ್ಟವಾಗಿ ಮೂಡುತ್ತವೆ. ಗಿಡ ಅಲುಗಿಸಿದಿರೋ, ಅದು ಬಲೆಯನ್ನೇ ಜೋರಾಗಿ ತುಯ್ದಾಡಿಸಿ ಮಸುಕಾಗಿಬಿಡುತ್ತದೆ! ಬಲೆಯ ಅಂಚಿನಲ್ಲಿ ಪುಟ್ಟ ಕಂದು ಜೇಡವೊಂದು ಇದ್ದರೆ ಮರಿಯೆಂದು ಬಿಟ್ಟುಬಿಡಬೇಡಿ, ಗಂಡಿರಬಹುದು. ಈ ಜಾತಿಯಲ್ಲಿ ಹೆಣ್ಣಿನ ಮುಂದೆ ಗಂಡು ತೀರಾ ಕುಳ್ಳ.

ಜಿಗಿಯುವ ಜೇಡದ ಕಥೆಯೇ ಬೇರೆ. ಬೇಟೆಗೆ ಬಲೆ ಹೆಣೆಯುವುದಿಲ್ಲ, ಕಣ್ಣನ್ನೇ ನಂಬಿರುತ್ತದೆ. ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ದೊಡ್ಡವು. ಅವುಗಳ ಮಸೂರ ತಲೆಗೆ ಅಂಟಿಕೊಂಡಿದ್ದರೂ ಒಳಗಿನ ಅಕ್ಷಿಪಟ ಅತ್ತಿತ್ತ ಹೊರಳುತ್ತದೆ. ನೀವು ಹತ್ತಿರ ಹೋದರೆ ಓಡುವ ಬದಲು ಹಲವು ಸಲ ತಿರುಗಿ ನಿಮ್ಮನ್ನೇ ದಿಟ್ಟಿಸುವುದುಂಟು. ಛಾಯಾಗ್ರಾಹಕನಿಗೆ ಇನ್ನೇನು ಬೇಕು? ಕ್ಯಾಮೆರಾವನ್ನು ಅದರ ಮುಖದ ಮಟ್ಟಕ್ಕೆ ಇಳಿಸಿ, ಆ ಎರಡು ಕಣ್ಣುಗಳಿಗೇ ಫೋಕಸ್ ಮಾಡಿ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಫೋಟೊದಲ್ಲಿ ಸ್ಪಷ್ಟವಾಗಿ ಸಿಗುವ ಆಳ ಒಂದೆರಡು ಮಿಲಿಮೀಟರ್ ಅಷ್ಟೇ. ಹೊಟ್ಟೆ ಮಸುಕಾದರೂ ಚಿಂತೆಯಿಲ್ಲ.

ಮಾವಿನ ಮರದಲ್ಲಿ ಚಗಳಿ (ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ) ಗೂಡಿದ್ದರೆ ಸಾಲು ಬಿಟ್ಟು ಒಂಟಿಯಾಗಿ ಓಡಾಡುವ 'ಇರುವೆ'ಯ ಮೇಲೆ ಕಣ್ಣಿಡಿ. ಅದೂ ಜಿಗಿಯುವ ಜೇಡವೇ ಇರಬಹುದು. ಮುಂಗಾಲುಗಳನ್ನು ಎತ್ತಿ ಮೀಸೆಯಂತೆ ಆಡಿಸುತ್ತದೆ. ಗಂಡಿನ ದವಡೆ ಎಷ್ಟು ಉದ್ದವೆಂದರೆ ಒಂದು ಇರುವೆ ಇನ್ನೊಂದನ್ನು ಹೊತ್ತು ನಡೆದಂತೆ ಕಾಣುತ್ತದೆ. ವೇಷ ಚಗಳಿಯದಾದರೂ ಅವುಗಳ ತಂಟೆಗೆ ಹೋಗದೆ ದೂರವೇ ಇರುತ್ತದೆ. ಕಾಲು ಎಣಿಸಿದರೆ ಎಂಟು. ಎಲೆ ತಟ್ಟಿದರೆ ನೂಲು ಹಿಡಿದು ಕೆಳಗಿಳಿಯುತ್ತದೆ, ಚಗಳಿಗೆ ಆ ವಿದ್ಯೆ ಬಾರದು.

ರಾತ್ರಿ ಹಣೆಗೆ ಟಾರ್ಚ್ ಕಟ್ಟಿಕೊಂಡು ಹುಲ್ಲಿನತ್ತ ನೋಡಿ. ಹಸಿರು ಕಿಡಿಯಂತೆ ಮಿನುಗುವುದು ಇಬ್ಬನಿಯಾಗಿರಬಹುದು, ತೋಳ ಜೇಡದ ಕಣ್ಣೂ ಆಗಿರಬಹುದು. ಹತ್ತಿರ ಹೋಗಿ ನೇರ ಮುಖದ್ದೊಂದು ಫೋಟೊ ತೆಗೆದುಕೊಳ್ಳಿ: ಕೆಳಗೆ ಸಣ್ಣ ಕಣ್ಣು ನಾಲ್ಕು, ಅದರ ಮೇಲೆ ದೊಡ್ಡವೆರಡು, ನೆತ್ತಿಯ ಮೇಲೆ ಇನ್ನೆರಡು ಇದ್ದರೆ ಅದು ತೋಳ ಜೇಡವೇ.