ಮಂಜಿನಲ್ಲಿ ಹೈ ಬೀಮ್ ಹಾಕಿದರೆ ದಾರಿ ಹೆಚ್ಚು ಕಾಣುವುದೇ?

ಓದುಗರ ಪ್ರಶ್ನೆ: ಡಿಸೆಂಬರಿನಲ್ಲಿ ಬೆಳಗಿನ ಜಾವ ಯಲ್ಲಾಪುರದಿಂದ ಅರಬೈಲು ಘಟ್ಟ ಇಳಿದು ಅಂಕೋಲೆಗೆ ಹೋಗುವಾಗ ಮಂಜು ದಟ್ಟವಾಗಿದ್ದರೆ ಹೈ ಬೀಮ್ ಹಾಕಿಕೊಳ್ಳುವುದು ಒಳ್ಳೆಯದಲ್ಲವೇ?

ಅಲ್ಲ. ದೀಪಾವಳಿ ಕಳೆದು ಚಳಿ ಬಿದ್ದೊಡನೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ, ಪ್ರತಿ ವರ್ಷವೂ ಇದೇ ಉತ್ತರ ಕೊಟ್ಟಿದ್ದೇನೆ. ಆದರೂ ಬೆಳಕು ಹೆಚ್ಚಾದಷ್ಟೂ ದಾರಿ ಹೆಚ್ಚು ಕಾಣುತ್ತದೆ ಎಂಬ ನಂಬಿಕೆ ಅಳಿಯದಿರುವುದರಿಂದ ಈ ಸಲ ಕಾರಣವನ್ನು ಬಿಡಿಸಿಯೇ ಹೇಳುತ್ತೇನೆ.

ಬರಿಯ ಕತ್ತಲೆಯಲ್ಲಿ ಆ ಮಾತು ನಿಜ, ಏಕೆಂದರೆ ಅಲ್ಲಿರುವುದು ಬೆಳಕಿನ ಕೊರತೆ. ಮಂಜಿನ ತೊಡಕು ಬೇರೆ. ಕಣ್ಣಿಗೂ ರಸ್ತೆಗೂ ನಡುವೆ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟು ಸಣ್ಣ ನೀರಹನಿಗಳು ಲೆಕ್ಕವಿಲ್ಲದಷ್ಟು ತೇಲುತ್ತಿರುತ್ತವೆ. ಅವು ತಮ್ಮ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಅದರಲ್ಲಿ ಒಂದು ಪಾಲು ತಿರುಗಿ ಚಾಲಕನ ಕಣ್ಣಿಗೇ ಬರುತ್ತದೆ. ಹೈ ಬೀಮ್ ನಮ್ಮ ನೋಟ ಹಾಯುವ ನೇರಕ್ಕೇ ಬೆಳಕು ಚೆಲ್ಲುವುದರಿಂದ ಆ ಪಾಲು ಹೆಚ್ಚಾಗಿ, ಬಾನೆಟ್ಟಿನ ಮುಂದೆ ಬಿಳಿಯ ಗೋಡೆ ಎದ್ದು ನಿಂತಂತಾಗುತ್ತದೆ. ಡಿಮ್ ಮಾಡಿದಾಗ ಬೆಳಕು ಕೆಳಕ್ಕೆ ಬಾಗಿ ರಸ್ತೆಯನ್ನು ಮುಟ್ಟುತ್ತದೆ. ಫಾಗ್ ಲ್ಯಾಂಪನ್ನು ಬಂಪರಿನಷ್ಟು ಕೆಳಗೆ ಕೂರಿಸುವುದೂ ಇದೇ ಕಾರಣಕ್ಕೆ.

ಇಷ್ಟಕ್ಕೂ ಮನಸ್ಸು ಒಪ್ಪದಿದ್ದರೆ, ಮಂಜು ಕವಿದ ದಿನ ಬೆಳಕು ಹರಿಯುವ ಮೊದಲು ಅಂಗಳಕ್ಕಿಳಿದು ಟಾರ್ಚನ್ನು ಹಣೆಗೆ ತಾಗಿಸಿಕೊಂಡು ತೋಟದ ಕಡೆಗೆ ಬಿಡಿ. ಹೊಗೆಯಂಥ ಬಿಳುಪಷ್ಟೇ ಕಾಣುತ್ತದೆ. ಅದೇ ಟಾರ್ಚನ್ನು ಮೊಣಕಾಲಿನ ಹತ್ತಿರ ಹಿಡಿದು ನೆಲಕ್ಕೆ ಬಾಗಿಸಿದರೆ ಮೆಟ್ಟಿಲು, ಕಲ್ಲು, ಒದ್ದೆ ದರಕು ಒಂದೊಂದಾಗಿ ಕಾಣಿಸುತ್ತವೆ. ವಾದದಿಂದ ಒಪ್ಪದವರೂ ಈ ಪ್ರಯೋಗದ ಬಳಿಕ ನನ್ನೊಡನೆ ವಾದಿಸಿಲ್ಲ.

ದೀಪಕ್ಕಿಂತ ಮುಖ್ಯವಾದದ್ದು ವೇಗ. ಐವತ್ತು ಮೀಟರಿನಾಚೆ ಕಾಣದ ಮಂಜನ್ನು ಹವಾಮಾನ ಇಲಾಖೆ ಅತಿ ದಟ್ಟ ಮಂಜು ಎಂದು ಕರೆಯುತ್ತದೆ. ಒದ್ದೆ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದ ಕಾರು ನಿಲ್ಲಲು, ಬ್ರೇಕಿಗೆ ಕಾಲಿಡುವ ಹೊತ್ತನ್ನೂ ಸೇರಿಸಿದರೆ, ಹೆಚ್ಚುಕಡಿಮೆ ಅಷ್ಟೇ ದೂರ ಬೇಕು, 30 ಕಿ.ಮೀ. ವೇಗದಲ್ಲಾದರೆ ಸುಮಾರು 20 ಮೀಟರ್ ಸಾಕು. ಘಟ್ಟದ ಇಳಿಜಾರಿನಲ್ಲಿ ಎರಡೂ ಇನ್ನಷ್ಟು ಹೆಚ್ಚುತ್ತವೆ.

ಇದರ ಜೊತೆಗೆ ಕೇಳಬೇಕಾಗಿದ್ದ, ಆದರೆ ಯಾರೂ ಕೇಳದ ಪ್ರಶ್ನೆಯೊಂದಿದೆ: ಮಳೆಗಾಲದ ಮಂಜೂ ಚಳಿಗಾಲದ ಮಂಜೂ ಒಂದೇ ಏನು? ಮಳೆಗಾಲದಲ್ಲಿ ಕಡಲಿನ ತೇವದ ಗಾಳಿ ಘಟ್ಟವೇರಿ ತಣಿದು ಮೋಡವಾಗುತ್ತದೆ. ನಾವು ಮಂಜೆನ್ನುವುದು ಆ ಮೋಡವನ್ನೇ, ಆದ್ದರಿಂದ ಕೆಳಗಿಳಿದರೆ ದಾರಿ ತಿಳಿಯಾಗುತ್ತದೆ. ಚಳಿಗಾಲದಲ್ಲಿ ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾದಾಗ ಭಾರವಾದ ತಂಪುಗಾಳಿ ತಗ್ಗಿಗಿಳಿದು ಅಲ್ಲಿಯೇ ಮಂಜಾಗಿ ನಿಲ್ಲುತ್ತದೆ. ಕಾರವಾರದಂಥ ಕಡಲಂಚಿನಲ್ಲಿ ಸಮುದ್ರದ ಬಿಸುಪು ನೆಲವನ್ನು ಅಷ್ಟು ತಣಿಯಗೊಡುವುದಿಲ್ಲ. ಘಟ್ಟದ ಮೇಲೆ ಕೂಡ ಬಿಸಿಲೇರಿದ ಮೇಲೆ ಅದು ಸಾಮಾನ್ಯವಾಗಿ ಉಳಿಯದು. ಅಂಕೋಲೆಯಲ್ಲಿ ಮುಗಿಯುವ ಇದೇ 52ನೆಯ ರಾಷ್ಟ್ರೀಯ ಹೆದ್ದಾರಿಯ ಇನ್ನೊಂದು ತುದಿ ಪಂಜಾಬಿನ ಸಂಗರೂರು. ಆ ಬಯಲುಸೀಮೆಯಲ್ಲಿ ಜನವರಿಯ ಮಂಜು ಕೆಲವೊಮ್ಮೆ ದಿನಗಟ್ಟಲೆ ಕರಗುವುದಿಲ್ಲ. ನಮ್ಮದು ಕೆಲವೇ ಗಂಟೆಗಳ ಮಾತು. ಆ ಗಂಟೆಗಳಲ್ಲಿ ದಿಬ್ಬದ ಮೇಲೆ ರಸ್ತೆ ತಿಳಿಯಾಗಿ ಕಂಡರೂ ಮುಂದಿನ ಹಳ್ಳದ ಸೇತುವೆಗೆ ಇಳಿಯುವ ಮೊದಲೇ ಗೇರು ತಗ್ಗಿಸಿ, ದೀಪವನ್ನು ಡಿಮ್ ಮಾಡಿಕೊಳ್ಳಿ.