ಡೇರೆ ದಾಟಿ ಊರೊಳಗೆ

ಜೀವ ಉಳಿಸಿಕೊಂಡು ಗಡಿ ದಾಟಿದ ನಿರಾಶ್ರಿತರಿಗೆ ಮೊದಲು ಬೇಕಾಗುವುದು ಅನ್ನ, ನೀರು, ಸೂರು. ಅದು ಸಿಕ್ಕಮೇಲೆ? ಮಗುವಿಗೆ ಶಾಲೆ ಬೇಕು, ಅಮ್ಮನಿಗೆ ಔಷಧಿ ಬೇಕು, ಕೈಗೊಂದು ಕೆಲಸ ಬೇಕು. ರಾತ್ರಿ ನಿದ್ದೆ ಬರಬೇಕು. ಇದೂ ಅಷ್ಟೇ ಮುಖ್ಯ ಎಂದು ಒಪ್ಪಿಕೊಳ್ಳಲು ಜಗತ್ತಿಗೆ ಬಹಳ ವರ್ಷ ಹಿಡಿಯಿತು.

ಶುರುವಾದದ್ದು ಒಂದು ಕಾಗದದಿಂದ. ಮೊದಲ ಮಹಾಯುದ್ಧ, ರಷ್ಯಾದ ಕ್ರಾಂತಿ ಮುಗಿಯುವಷ್ಟರಲ್ಲಿ ಲಕ್ಷಾಂತರ ರಷ್ಯನ್ನರು ಯಾವ ದೇಶದವರೂ ಅಲ್ಲದವರಾಗಿದ್ದರು. ನಿರಾಶ್ರಿತರ ನೆರವಿಗೆ ಲೀಗ್ ಆಫ್ ನೇಷನ್ಸ್ ನೇಮಿಸಿದ್ದ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ 1922ರಲ್ಲಿ ಅವರಿಗೊಂದು ಗುರುತಿನ ಪತ್ರ ಸಿಗುವಂತೆ ಮಾಡಿದರು. ಅದೇ 'ನಾನ್ಸೆನ್ ಪಾಸ್‌ಪೋರ್ಟ್'. ಸುಮ್ನೆ ಒಂದು ಹಾಳೆ ಅನ್ನಿಸಬಹುದು. ಆದರೆ ಕಾಗದ ಇಲ್ಲದವರನ್ನು ಯಾವ ಕಚೇರಿ ತಾನೇ ಮಾತಾಡಿಸುತ್ತದೆ?

ನಿರಾಶ್ರಿತರ ಕುರಿತ ವಿಶ್ವಸಂಸ್ಥೆಯ 1951ರ ಒಪ್ಪಂದ ಇನ್ನೂ ಮುಂದೆ ಹೋಯಿತು. ಪ್ರಾಥಮಿಕ ಶಿಕ್ಷಣದಲ್ಲಿ ನಿರಾಶ್ರಿತರ ಮಕ್ಕಳನ್ನು ಆ ದೇಶದ ಮಕ್ಕಳಂತೆಯೇ ನೋಡಬೇಕು ಎಂದಿತು. ಕಾನೂನುಬದ್ಧವಾಗಿ ನೆಲೆಸಿದವರಿಗೆ ಸರ್ಕಾರದ ನೆರವಿನಲ್ಲೂ ಹಾಗೆಯೇ. ಮೊದಲು ಇದು 1951ಕ್ಕಿಂತ ಮುಂಚಿನ ಘಟನೆಗಳಿಂದ ಓಡಿಬಂದವರಿಗೆ ಮಾತ್ರ ಇತ್ತು. 1967ರಲ್ಲಿ ಆ ಮಿತಿ ಹೋಯಿತು.

ಮಾತು ಹೀಗಿದ್ದರೂ ನಡೆದದ್ದು ಬೇರೆ. ಎಷ್ಟೋ ಕಡೆ ನಿರಾಶ್ರಿತರನ್ನು ಊರಾಚೆಯ ಶಿಬಿರಗಳಲ್ಲೇ ಇಟ್ಟರು. ಅವರಿಗೇ ಬೇರೆ ಶಾಲೆ, ಬೇರೆ ದವಾಖಾನೆ. ಎಲ್ಲವೂ ಹೊರಗಿನ ದೇಣಿಗೆಯ ಮೇಲೆ ನಡೆಯಬೇಕು. ಕೀನ್ಯಾದ ದಾದಾಬ್ ಶಿಬಿರಗಳು ಸೊಮಾಲಿಯಾದಿಂದ ಬಂದವರಿಗಾಗಿ 1991ರಲ್ಲಿ ತಲೆಯೆತ್ತಿದವು. ಅಲ್ಲೇ ಹುಟ್ಟಿದ ಮಕ್ಕಳು ಅಲ್ಲೇ ಬೆಳೆದು ದೊಡ್ಡವರಾದರು.

ಉಗಾಂಡಾ ಬೇರೆ ದಾರಿ ಹಿಡಿಯಿತು. 2006ರ ಕಾನೂನು ಕೆಲಸ ಮಾಡುವ, ಓಡಾಡುವ ಹಕ್ಕು ಕೊಟ್ಟಿತು. ಉಳುಮೆಗೆ ತುಂಡು ಭೂಮಿಯೂ ಸಿಕ್ಕಿತು. ಅಲ್ಲೂ ತರಗತಿಗಳು ಕಿಕ್ಕಿರಿದಿವೆ, ಹಣ ಸಾಲುತ್ತಿಲ್ಲ. ಆದರೂ ಊರಿನ ಮಕ್ಕಳೂ ಬಂದ ಮಕ್ಕಳೂ ಒಂದೇ ಶಾಲೆಗೆ ಹೋಗುವುದು ಸಣ್ಣ ಮಾತಲ್ಲ. ಶಾಲೆಗೆ ಒಂದು ಕೋಣೆ ಹೆಚ್ಚಿದರೆ ಇಬ್ಬರಿಗೂ ಲಾಭ ಅಲ್ವಾ?

ಮನಸ್ಸಿದ್ದರೆ ಎಷ್ಟು ಬೇಗ ಆಗುತ್ತದೆ ಎಂಬುದು 2022ರಲ್ಲಿ ಕಾಣಿಸಿತು. ಯುದ್ಧ ಶುರುವಾದ ಎರಡು ವಾರದೊಳಗೆ ಯುರೋಪಿಯನ್ ಒಕ್ಕೂಟ ಉಕ್ರೇನಿನವರಿಗೆ ವಾಸ, ಕೆಲಸ, ಶಾಲೆ, ಚಿಕಿತ್ಸೆಯ ಹಕ್ಕು ಕೊಟ್ಟಿತು. ಆ ನಿಯಮ 2001ರಿಂದಲೇ ಇತ್ತು. 2015ರಲ್ಲಿ ಸಿರಿಯಾದವರು ಬಂದಾಗ ಅದನ್ನು ಬಳಸಲಿಲ್ಲ. ಇದು ನನಗೆ ಈಗಲೂ ನೋವಿನ ಸಂಗತಿ.

ಜಾಸ್ತಿ ಹಿಂದೆ ಬಿದ್ದಿರುವುದು ಮನಸ್ಸಿನ ಆರೈಕೆ. ಸಂಘರ್ಷದ ನಾಡುಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಆದರೆ ಆಸ್ಪತ್ರೆಯಲ್ಲಿ ಅವರ ಭಾಷೆ ಬಲ್ಲವರೇ ಇಲ್ಲದಿದ್ದರೆ, ಹೊಸ ಭಾಷೆ ಬೇಗ ಕಲಿತ ಮಗುವೇ ನಡುವೆ ನಿಲ್ಲಬೇಕಾಗುತ್ತದೆ. ಅಮ್ಮನಿಗೆ ಏನೇನಾಯಿತು ಎಂಬುದನ್ನು ಆ ಮಗು ತನ್ನ ಬಾಯಿಂದಲೇ ವೈದ್ಯರಿಗೆ ಹೇಳಬೇಕು. ಅಮ್ಮ ಎಷ್ಟೋ ಮಾತನ್ನು ನುಂಗಿಕೊಳ್ಳುತ್ತಾಳೆ. ತರಬೇತಿ ಪಡೆದ ದುಭಾಷಿಯೊಬ್ಬರು ಫೋನಿನಲ್ಲಾದರೂ ಸಿಕ್ಕರೆ, ಮಗು ಹೊರಗೆ ಆಡಿಕೊಂಡಿರಬಹುದು.