ಬಿಳಿ ಬೆಕ್ಕಿನ ಕಿವಿಯ ತುದಿಯಲ್ಲಿ ಮಾಯದ ಹುಣ್ಣು: ಇದು ಕ್ಯಾನ್ಸರ್ ಇರಬಹುದೇ?

ಪ್ರಶ್ನೆ: ನಮ್ಮ 8 ವರ್ಷದ ಬಿಳಿ ಬೆಕ್ಕಿನ ಕಿವಿಯ ತುದಿಯಲ್ಲಿ 2 ತಿಂಗಳಿಂದ ಹಕ್ಕಳೆ ಕಟ್ಟಿದ ಗಾಯವಿದೆ. ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದರೂ ವಾಸಿಯಾಗಿಲ್ಲ. ಇದು ಜಗಳದಲ್ಲಾದ ಗಾಯವೇ, ಕ್ಯಾನ್ಸರೇ?

ಉತ್ತರ: ಜಗಳದ ಪರಚುಗಾಯವು ಕೆಲವೇ ವಾರಗಳಲ್ಲಿ ಒಣಗುತ್ತದೆ, ಇಲ್ಲವೇ ಕೀವು ತುಂಬಿ ಬಾತುಕೊಳ್ಳುತ್ತದೆ. ಹಕ್ಕಳೆ ಉದುರಿ, ರಕ್ತ ಜಿನುಗಿ, ಮತ್ತೆ ಹಕ್ಕಳೆ ಕಟ್ಟುತ್ತ ತಿಂಗಳುಗಟ್ಟಲೆ ಉಳಿದಿರುವ ಹುಣ್ಣು ಬಿಳಿ ಬೆಕ್ಕಿನ ಕಿವಿಯಲ್ಲಿದ್ದರೆ, ಅದು ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರ್ ಆಗಿರಬಹುದೆಂದು ಮೊದಲು ಶಂಕಿಸಬೇಕು. ಕಜ್ಜಿ ಮತ್ತು ಶಿಲೀಂಧ್ರದ ಸೋಂಕು ಕೂಡ ಹೀಗೆಯೇ ಕಾಣುವುದುಂಟು. ಆದ್ದರಿಂದ ಕಣ್ಣಂದಾಜಿನಲ್ಲಿ ತೀರ್ಮಾನಿಸದೆ, ಹುಣ್ಣಿನ ಚಿಕ್ಕ ತುಣುಕನ್ನು ತೆಗೆದು ಬಯಾಪ್ಸಿ ಮಾಡಿಸುವುದು ಅಗತ್ಯ.

ಬಿಳಿ ಬೆಕ್ಕಿನ ಕಿವಿಯ ತುದಿ, ಮೂಗು ಮತ್ತು ಕಣ್ಣಿನ ರೆಪ್ಪೆಗಳಲ್ಲಿ ಕೂದಲು ವಿರಳ, ಬಿಸಿಲನ್ನು ತಡೆಯುವ ಮೆಲನಿನ್ ಎಂಬ ವರ್ಣಕವೂ ಇರುವುದಿಲ್ಲ. ತಾರಸಿಯ ಮೇಲೋ ಹೆಂಚಿನ ಮಾಡಿನ ಮೇಲೋ ವರ್ಷಗಟ್ಟಲೆ ಬಿಸಿಲು ಕಾಯಿಸುತ್ತ ಮಲಗುವ ಬೆಕ್ಕಿನ ಕಿವಿಯಂಚು ಮೊದಲು ಕೆಂಪಾಗುತ್ತದೆ, ಬಳಿಕ ಹೊಟ್ಟು ಏಳುತ್ತದೆ, ನೇರಳಾತೀತ ಕಿರಣಗಳಿಂದ ಜೀವಕೋಶಗಳಿಗೆ ಆದ ಹಾನಿ ಕೂಡುತ್ತ ಹೋಗಿ ಕೊನೆಗೆ ಕ್ಯಾನ್ಸರಿಗೆ ತಿರುಗುತ್ತದೆ. ಕೆಂಪಾಗಿದ್ದಾಗಲೇ ಗಮನಿಸುವವರು ಬಹಳ ಕಡಿಮೆ ಎಂಬುದೇ ನನ್ನ ಕಳವಳ.

ಆದರೆ ಧೈರ್ಯಗೆಡಬೇಡಿ. ಈ ಕ್ಯಾನ್ಸರ್ ಇದ್ದ ಜಾಗವನ್ನು ಕೊರೆಯುತ್ತದೆಯೇ ಹೊರತು ದೇಹದ ಬೇರೆ ಭಾಗಗಳಿಗೆ ಬೇಗ ಹಬ್ಬುವುದಿಲ್ಲ. ಸುತ್ತಲಿನ ಆರೋಗ್ಯವಂತ ಚರ್ಮದ ಸ್ವಲ್ಪ ಭಾಗವೂ ಸೇರುವಂತೆ ಹೊರಕಿವಿಯನ್ನು ಕತ್ತರಿಸಿ ತೆಗೆದರೆ ಅನೇಕ ಬೆಕ್ಕುಗಳು ಪೂರ್ಣ ಗುಣವಾಗುತ್ತವೆ, ಅವುಗಳ ಕೇಳುವ ಶಕ್ತಿಯೂ ಉಳಿಯುತ್ತದೆ. ಕಿವಿಯಿಲ್ಲದ ಬೆಕ್ಕನ್ನು ನೋಡಲು ಮನಸ್ಸಾಗದೆ ತಿಂಗಳುಗಳನ್ನು ಕಳೆಯುವವರಿದ್ದಾರೆ. ಆ ಸಂಕಟ ನಮ್ಮದೇ ಹೊರತು ಬೆಕ್ಕಿನದಲ್ಲ. ಮೂಗಿನ ಮೇಲೆ ಬೆಳೆದ ಹುಣ್ಣನ್ನು ಹೀಗೆ ಸುಲಭವಾಗಿ ತೆಗೆಯಲಾಗದು, ಅಲ್ಲಿ ತಡಮಾಡಿದಷ್ಟೂ ದಾರಿಗಳು ಮುಚ್ಚುತ್ತವೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ ಮತ್ತು ಬೀದರ್‌ಗಳಲ್ಲಿ ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮ್ಮೂರಿನ ವೈದ್ಯರಲ್ಲಿ ಬಯಾಪ್ಸಿಗೆ ಅನುಕೂಲವಿಲ್ಲದಿದ್ದರೆ ಅಲ್ಲಿ ವಿಚಾರಿಸಿ.

ಮನೆಯಲ್ಲಿರುವ ಔಷಧಿಗಳನ್ನು ಪ್ರಯೋಗಿಸಲೇಬೇಡಿ. ನೋವಿಗೆಂದು ಕೊಟ್ಟ ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ ವಿಷ. ಮನುಷ್ಯರ ಚರ್ಮದ ಕ್ಯಾನ್ಸರಿಗೆ ಹಚ್ಚುವ 5-ಫ್ಲೂರೋಯುರಾಸಿಲ್ ಮುಲಾಮು ಬೆಕ್ಕು, ನಾಯಿ ಎರಡರ ಜೀವವನ್ನೂ ತೆಗೆಯಬಲ್ಲದು. ಸತುವಿನ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಕೂಡ ನೆಕ್ಕಿ ಹೊಟ್ಟೆ ಸೇರಿದರೆ ಅಪಾಯಕಾರಿ.

ನಾಯಿ ಸಾಕಿದವರಿಗೂ ಒಂದು ಮಾತು. ನಾಯಿಗಳ ಚರ್ಮದಲ್ಲಿ ಹೆಚ್ಚಾಗಿ ಕಾಣುವ ಮಾರಕ ಗೆಡ್ಡೆಯಾದ ಮಾಸ್ಟ್ ಸೆಲ್ ಗೆಡ್ಡೆಯು ಒಳಗಿನ ಹಿಸ್ಟಮಿನ್ ಎಂಬ ಊತ ತರುವ ರಾಸಾಯನಿಕ ಹೊರಬಂದಾಗ ಊದಿ, ಮತ್ತೆ ಇಳಿಯುವುದರಿಂದ, ಕೀಟ ಕಚ್ಚಿದ ಗಂಟೆಂದು ಜನ ಸುಮ್ಮನಾಗುತ್ತಾರೆ. ಅದನ್ನು ಹಿಚುಕದೆ, ಸೂಜಿಯಿಂದ ಜೀವಕೋಶಗಳನ್ನು ತೆಗೆದು ನೋಡುವ ಸೂಜಿ ಪರೀಕ್ಷೆ ಮಾಡಿಸಬೇಕು.

ನಿಮ್ಮ ಬೆಕ್ಕನ್ನು ಈ ವಾರವೇ ವೈದ್ಯರಿಗೆ ತೋರಿಸಿ, ಇನ್ನೊಂದು ಕಿವಿಯನ್ನೂ ಮೂಗನ್ನೂ ಪರೀಕ್ಷಿಸಲು ಹೇಳಿ. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಅದನ್ನು ಮನೆಯೊಳಗೇ ಇರಿಸಿಕೊಳ್ಳಿ.